ಬೆಲ್ಲದ ಕಡಾಯಿಯ ಎದುರು ಹಲಗೆ

ಆಲಮೇಲ
5 ಜುಲೈ 1998

ಬಾಗೇವಾಡಿಯವರಿಗೆ,

ಶರಣಾರ್ಥಿ. ನಾ ಆರಾಮ ಅದೇನಿ. ನಿಮ್ಮ ಅಣ್ಣಾರಿಗೆ, ವೈನಿಗೆ ಶರಣು ಹೇಳು.

ಯುಗಾದಿ ಆದ ಮ್ಯಾಲ ಪತ್ರ ಇಲ್ಲ ಅಂತ ನೀ ಅನ್ನೂಕಿಂತ ಮೊದಲ ನಾನ ಅಂತೇನಿ. ಬರಿಯುವಂಥಾದ್ದು ಏನೂ ಇದ್ದಿಲ್ಲ. ಈಗ ಒಂದು ಕೆಲಸ ಬಿದ್ದೈತಿ. ಇದರ ಜೋಡಿ ಒಂದು ಇಂಗ್ಲಿಷ ಹಾಳಿ ಇಟ್ಟೇನಿ. ಸೊಲ್ಲಾಪುರದಾಗ ಒಬ್ಬಾಂವ ಫೈಬರಿನ ಸಣ್ಣ ದೋಣಿ ಮಾರ್ತಾನ. ಚಿತ್ರ ಚಂದ ಐತಿ. ಕೆಳಗ ಬರದದ್ದು ನನಗ ತಿಳಿಯೂದಿಲ್ಲ. ನಮ್ಮ ಕೆರಿಗೆ ನಡೀತೈತೋ ಇಲ್ಲೋ ಓದಿ ಹೇಳು.

ದೋಣಿ ಯಾಕ ಅಂತ ಕೇಳ್ತಿ. ಗಾಳ ಹಾಕಾಕ. ದಂಡಿ ಮ್ಯಾಲ ಕುಂತು ಹಾಕಿ ಸಾಕಾಗೇತಿ, ನಡುವ ಹೋಗಬೇಕು. ಮಂದಿ ನಗ್ತಾರ. ಮೀನ ಮುಟ್ಟದ ಮನಿತನದಾಂವ ಮೀನ ಹಿಡೀತಾನಂತ. ರಮಜಾನಬಿ ಒಬ್ಬಾಕಿ ನಗೂದಿಲ್ಲ. ಹಿಡದದ್ದೆಲ್ಲಾ ಅಕೀ ಬುಟ್ಟಿಗೆ ಹೋಗಿ ಸಂತ್ಯಾಗ ಮಾರಾಟ ಆಗತೈತಿ, ನಗೂದು ಹ್ಯಾಂಗ?

ಗಾಣ ಬಂದ್ ಮಾಡೇನಿ. ಕಬ್ಬೆಲ್ಲಾ ಈಗ ಫ್ಯಾಕ್ಟರಿಗೆ ಹೊಂಟೈತಿ. ಸುಗ್ಗ್ಯಾಗ ಬೆಲ್ಲದ ವಾಸನಿ ಇಲ್ಲದ ಮನಿ ನಮ್ಮದಲ್ಲ ಅನಸ್ತೈತಿ. ಅದು ಬಿಡು. ಹಾಳಿ ಓದಿ ಬರಿ.

ಬಸವಂತರಾಯ


ಬಸವನ ಬಾಗೇವಾಡಿ
14 ಜುಲೈ 1998

ಆಲಮೇಲದವರಿಗೆ,

ಶರಣು. ಪತ್ರ ಮುಟ್ಟಿತು. ಹಾಳೆಯನ್ನು ಎರಡು ಸಲ ಓದಿದೆ. ಮೊದಲ ಸಲ ಇಂಗ್ಲಿಷ್ ಶಿಕ್ಷಕಿಯಾಗಿ ಓದಿದೆ, ಏನೂ ತಿಳಿಯಲಿಲ್ಲ. ಎರಡನೆಯ ಸಲ ನಮ್ಮ ಕೆರೆಯನ್ನು ಕಣ್ಣೆದುರು ಇಟ್ಟುಕೊಂಡು ಓದಿದೆ, ಸ್ವಲ್ಪ ತಿಳಿಯಿತು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಇಂಗ್ಲಿಷಿನಲ್ಲಿ ಸಮುದ್ರಗಳಿದ್ದವು, ಹಡಗುಗಳಿದ್ದವು. ಕೆರೆಯಲ್ಲಿ ಗಾಳ ಹಾಕುವವರಿಗೆ ಬೇಕಾಗುವ ಮಾತುಗಳಿರಲಿಲ್ಲ.

ದೋಣಿ ಉದ್ದವಿದೆ, ಅಗಲ ಕಡಿಮೆ. ದನಗಳಿಗೆ ನೀರಿಡುವ ದೋಣಿಯಷ್ಟೇ ಅಗಲ ಎಂದು ತಿಳಿಯಿರಿ. ಇಬ್ಬರು ಕೂಡಬಹುದು, ಆದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ಹಿಂದಿನವರು ಮುಂದಿನವರ ಬೆನ್ನು ನೋಡುತ್ತ ಕೂಡಬೇಕು. ಎದ್ದು ನಿಲ್ಲಬಾರದು. ಬುಡದಲ್ಲಿ ಉದ್ದಕ್ಕೆ ಒಂದು ಪಟ್ಟಿ ಇರುವುದರಿಂದ ದೋಣಿ ಅತ್ತಿತ್ತ ತಿರುಗದೆ ನೆಟ್ಟಗೆ ಹೋಗುತ್ತದಂತೆ. ಚೂಪಾದ ಕಲ್ಲು ಬಡಿದರೆ ಬುಡ ಬಿರಿಯಬಹುದು ಎಂದೂ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನಮ್ಮ ಕೆರೆಯ ತಳದಲ್ಲಿ ಏನೇನಿದೆ ಎಂಬುದು ನನಗಿಂತ ನಿಮಗೆ ಗೊತ್ತು.

ಇಬ್ಬರು ಕೂಡುವ ದೋಣಿ ನಿಮಗೆ ಯಾಕೆ ಎಂದು ಕೇಳಬೇಕೆನಿಸಿತು. ಕೇಳುವ ಹಕ್ಕು ನನಗಿದೆಯೇ ಎಂದು ಆಮೇಲೆ ಅನಿಸಿತು. ಒಬ್ಬರೇ ಕೂಡುವಂಥದು ಈ ಹಾಳೆಯಲ್ಲಿ ಇಲ್ಲ.

ದಾನೇಶ್ವರಿ ವೈನಿ ಚಿತ್ರ ನೋಡಿ, "ನಿಮ್ಮವ್ರಿಗೆ ನಾವಿ ಬೇಕಾಗೇತೇನ್ರಿ? ಅವ್ವನ ಜಡ್ಡಿಗಂತ ನಾಕ್ ಸೀರಿ ಹಿಡಕೊಂಡು ಬಂದಾಕಿ ನೀವು. ಏಳ ವರ್ಸಾತು. ಅತ್ತಿಯವರು ಹೋಗೇ ಐದ ವರ್ಸಾತು. ನಿಮ್ಮನ್ನ ಊರ ಮುಟ್ಟಸಾಕ ನಾವಿ ಯಾಕ, ಒಂದ ಬಸ್ ಸಾಕಾಗ್ತಿತ್ತಲ್ಲ," ಎಂದರು. ಅವರ ಬಾಯಿ ನಿಮಗೆ ಗೊತ್ತೇ ಇದೆ. ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ.

ಪ್ರಿಯದರ್ಶಿನಿ


ಆಲಮೇಲ
9 ಆಗಸ್ಟ್ 1998

ಬಾಗೇವಾಡಿಯವರಿಗೆ,

ಫೈಬರಿಂದು ಬಿಟ್ಟೆ. ಒಬ್ಬರ ಬೆನ್ನ ಒಬ್ರು ನೋಡಿಕೋತ ಕುಂಡ್ರೂದು ನನಗ ಚಲೋ ಅನಸಲಿಲ್ಲ.

ಭೀಮಾ ದಂಡಿಯಾಗ ಹರಗೋಲ ಹಾಕೂ ಯಂಕಪ್ಪ ನಿನಗ ನೆನಪಿರಬೇಕು. ತನ್ನ ಹಳೇ ಹರಗೋಲ ಚಕ್ಕಡ್ಯಾಗ ಹೇರಿಕೊಂಡು ಬಂದ. ಬಿದರಿನ ಬುಟ್ಟಿ, ಹೊರಗ ಚೀಲ ಹೊದಿಸಿ ಡಾಂಬರ ಬಡದದ್ದು. ಕುಂತೆ. ಗಾಣದ ಎತ್ತಿನಂಗ ತಿರಗಾಕ ಹತ್ತಿತು. ಯಂಕಪ್ಪ ದಂಡಿ ಮ್ಯಾಲ ನಿಂತು, "ಸಾವ್ಕಾರ್ರ, ಗಾಳ ಒಂದ ಕಡೆ, ಮಾರಿ ಒಂದ ಕಡೆ ಆತಲ್ರಿ," ಅಂದ. ಸಿಟ್ಟಿಲೆ ಕೋಲ ಜಗ್ಗಿದೆ. ಗಾಳ ಹರಗೋಲಿನ ಚೀಲಕ್ಕ ಸಿಕ್ಕು ಪರ್ ಅಂತ ಹರೀತು. ನೀರು ಒಳಗ. "ನಿಮ್ಮ ಮೊದಲನೇ ಮೀನ ನನ್ನ ಹರಗೋಲ ಆತು ನೋಡ್ರಿ," ಅಂತ ಯಂಕಪ್ಪ ಇನ್ನೂ ಊರಾಗ ಹೇಳಿಕೋತ ತಿರಗ್ಯಾನ.

ಈಗ ಇನ್ನೊಂದು ವಿಚಾರ. ಗಾಣದ ಮನ್ಯಾಗ ಬೆಲ್ಲದ ಕಡಾಯಿ ಮಕಾಡೆ ಬಿದ್ದಾವ. ಕಬ್ಬಿಣದ್ದು, ಗಾಳಕ್ಕ ಹರಿಯೂದಿಲ್ಲ. ಹೊಳಿ ಬಂದಾಗ ಮಂದಿ ಅದರಾಗ ಕುಂತು ದಾಟೂದು ನಿನಗೂ ಗೊತ್ತೈತಿ. ಒಂದನ್ನ ತಿಕ್ಕಿ ತೊಳದು, ಸಂದಿಗೆ ಡಾಂಬರ ತುಂಬಿ ಕೆರಿಗೆ ಇಳಸೇನಿ. ಒಂದ ಹನಿ ನೀರ ಒಳಗ ಬರೂದಿಲ್ಲ. ಆದ್ರ ಅದೂ ತಿರಗತೈತಿ. ತಿರಗದಂಗ ಏನ ಮಾಡಬೇಕು ಅಂತ ಆ ಹಾಳ್ಯಾಗ ಬರದಾರೇನು ನೋಡು.

ಬಸವಂತರಾಯ


ಬಸವನ ಬಾಗೇವಾಡಿ
20 ಆಗಸ್ಟ್ 1998

ಆಲಮೇಲದವರಿಗೆ,

ಯಾವ ಕಡಾಯಿ? ಗಾಣದ ಮನೆಯಲ್ಲಿ ಎರಡಿದ್ದವು. ದೊಡ್ಡದೋ, ಒಂದು ಹಿಡಿಕೆ ಮುರಿದದ್ದೋ?

ಕೇಳಲು ಕಾರಣವಿದೆ. ನಾನು ಮೊದಲ ಸಲ ನಿಮ್ಮ ಮನೆಗೆ ಬಂದದ್ದು ಹಿಡಿಕೆ ಮುರಿದ ಕಡಾಯಿಯಲ್ಲಿ. ಮದುವೆಯ ಮರುದಿನ ಹಳ್ಳ ತುಂಬಿ ಹರಿಯುತ್ತಿತ್ತು. ಚಕ್ಕಡಿ ದಾಟದು ಎಂದು ಗಾಣದ ಕಡಾಯಿ ತರಿಸಿದರು. ನಾಲ್ವರು ಈಜುಗಾರರು ಅಂಚು ಹಿಡಿದು ನೂಕಿದರು. ನೀವು ಒಂದು ಬದಿಗೆ, ನಾನು ಎದುರು ಬದಿಗೆ. ನನ್ನ ಬದಿಯ ಹಿಡಿಕೆ ಇರಲಿಲ್ಲ, ಬರೀ ಅಂಚನ್ನು ಹಿಡಿದು ಕೂತೆ. ದಡ ಮುಟ್ಟಿದಾಗ ಅಂಗೈಯಲ್ಲಿ ಕೆಂಪು ಗೆರೆ ಎದ್ದಿತ್ತು. ನಿಮ್ಮ ಅಜ್ಜಿ ಆರತಿ ಹಿಡಿದು ನಿಂತವರು, "ಇಂಗ್ಲಿಷ ಸಾಲಿ ಕಲಿತ ಸೊಸಿ ಬೆಲ್ಲಾಗಿ ಬಂದ್ಳು ನೋಡ್ರೆ," ಎಂದರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತೆಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಗ ಯೋಚಿಸಿದರೆ ಅದು ಅವಮಾನವಾಗಿರಲಿಲ್ಲ, ಬರೀ ಹೆದರಿಕೆ. ಈ ಎರಡನ್ನು ನಾನು ಬೇರೆ ಎಷ್ಟು ಕಡೆ ಅದಲುಬದಲು ಮಾಡಿಕೊಂಡಿದ್ದೇನೋ ಗೊತ್ತಿಲ್ಲ.

ತಿರುಗದಂತೆ ಮಾಡಲು ಆ ಹಾಳೆಯಲ್ಲಿರುವ ಉಪಾಯ ಒಂದೇ: ಬುಡಕ್ಕೆ ಉದ್ದ ಪಟ್ಟಿ. ಇಲ್ಲಿಯ ವೆಲ್ಡಿಂಗ್ ಅಂಗಡಿಯವರನ್ನೂ ಕೇಳಿದೆ. "ಮೇಡಂ, ಕಡಾಯಿಗೆ ಪಟ್ಟಿ ಬಡದ್ರ ಬೆಲ್ಲಾ ಹ್ಯಾಂಗ ಕಾಸ್ತೀರಿ?" ಎಂದು ಗಾಬರಿಯಾದರು. ಬೆಲ್ಲಕ್ಕಲ್ಲ, ಮೀನಿಗೆ ಎಂದ ಮೇಲೆ ಇನ್ನೇನೂ ಕೇಳಲಿಲ್ಲ. ಪಟ್ಟಿ ಹಾಕಿಸಿ ನೋಡಿ.

ಇನ್ನೊಂದು ಮಾತು. ಇಲಾಖೆಯಿಂದ ಸುತ್ತೋಲೆ ಬಂದಿದೆ. ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬೇಕಾದರೆ ಬೆಳಗಾವಿ ಜಿಲ್ಲೆಗೆ ಹೋಗಬೇಕು. ಬಡ್ತಿ ಬೇಡವೆಂದರೆ ಕೇಳಿದ ಜಾಗಕ್ಕೆ ವರ್ಗ ಸಿಗಬಹುದು. ಖಾಲಿ ಇರುವ ಊರುಗಳಲ್ಲಿ ಆಲಮೇಲದ ಹೈಸ್ಕೂಲೂ ಇದೆ. ನವೆಂಬರ್ ಕೊನೆಯೊಳಗೆ ಯಾವುದೆಂದು ಬರೆದುಕೊಡಬೇಕು. ನೀವು ಏನು ಹೇಳುತ್ತೀರಿ?

ಪ್ರಿಯದರ್ಶಿನಿ


ಆಲಮೇಲ
13 ಸೆಪ್ಟೆಂಬರ್ 1998

ಬಾಗೇವಾಡಿಯವರಿಗೆ,

ಹಿಡಿಕಿ ಮುರದದ್ದ.

ಪಟ್ಟಿ ಹಾಕಿಸಿದೆ. ನೀ ಬರದಂಗ ಕಡಾಯಿ ನೆಟ್ಟಗ ಹೊಂಟಿತು. ಹೋಗಿ ಹೋಗಿ ನೀರಾಗಿನ ಜಾಲಿ ಬೊಡ್ಡಿಗೆ ಪಟ್ಟಿ ಸಿಕ್ಕೊಂಡಿತು. ಹಿಂದ ಇಲ್ಲ, ಮುಂದ ಇಲ್ಲ. ಬಿಸಲ ಏರಿತು. ಕಬ್ಬಿಣ ಕಾಯಾಕ ಹತ್ತಿತು. ಕುಂಡ್ರಾಕ ಬರೂದಿಲ್ಲ, ನಿಂದ್ರಾಕ ಬರೂದಿಲ್ಲ. ರಮಜಾನಬಿ ಬುಟ್ಟಿ ಹೊತ್ತು ಒಡ್ಡಿನ ಮ್ಯಾಲ ಹೊಂಟಾಕಿ ನಿಂತು ನೋಡಿ, "ಸಾವ್ಕಾರ್ರ, ಪಾಕ ಬಂತೇನ್ರಿ?" ಅಂತ ಒದರಿದ್ಲು. ಯಂಕಪ್ಪ ಈಸಿ ಬಂದು ಬಿಡಿಸಿದ. ನೀರ ಕಡಿಮಿ ಇದ್ದಾಗ ಬೊಡ್ಡಿ ತಾನ ಕಡೀತೇನಿ ಅಂತ ಬ್ಯಾಸಿಗ್ಯಾಗ ಅವನ ಅಂದಿದ್ದ. ಮರತಿದ್ದ. ನಾನೂ ಮರತಿದ್ದೆ. ಹಿಂಗಾಗಿ ತಪ್ಪು ನಿನ್ನ ಹಾಳೀದಲ್ಲ.

ಪಟ್ಟಿ ತಗಸಿದೆ. ನಮ್ಮ ಕೆರ್ಯಾಗ ನೆಟ್ಟಗ ಹೋಗಿ ಉಪಯೋಗಿಲ್ಲ.

ಈಗ ಕಬ್ಬಿಣ ಕಾಯೂದಕ್ಕ ಏನರ ಹೇಳು. ಕಾಲ ತಗಲಿದ್ರ ಗಂಟಿ ಬಾರಿಸಿದಂಗ ಸಪ್ಪಳಾನೂ ಆಗತೈತಿ, ಮೀನ ಓಡಿ ಹೋಗತಾವ.

ಬಸವಂತರಾಯ


ಬಸವನ ಬಾಗೇವಾಡಿ
22 ಸೆಪ್ಟೆಂಬರ್ 1998

ಆಲಮೇಲದವರಿಗೆ,

ಗೋಣಿತಟ್ಟು ನೆನೆಸಿ ಎರಡು ಪದರು ಹಾಸಿರಿ. ಕಾಯುವುದಿಲ್ಲ, ಸಪ್ಪಳವೂ ಆಗುವುದಿಲ್ಲ. ಕಡಾಯಿ ಒಂದೇ ಕಡೆ ನಿಲ್ಲಬೇಕಾದರೆ ಹಿತ್ತಲಲ್ಲಿ ಒಡೆದು ಬಿದ್ದ ಬೀಸುಕಲ್ಲಿನ ಮೇಲಿನ ತುಂಡು ಇದೆ. ಅದರ ತೂತಿಗೆ ಹಗ್ಗ ಕಟ್ಟಿ ಕೆರೆಯ ತಳಕ್ಕೆ ಬಿಡಿ. ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಳ್ಳಿ. ಹಾಕಿಕೊಳ್ಳುವುದಿಲ್ಲ ಎಂದು ಗೊತ್ತು.

ನನ್ನ ಹಿಂದಿನ ಪತ್ರದ ಕೊನೆಯ ಭಾಗ ನಿಮಗೆ ಮುಟ್ಟಲಿಲ್ಲವೇನೋ. ಅಂಚೆಯವರು ಪತ್ರ ಕಳೆಯುವುದುಂಟು. ಅರ್ಧ ಪತ್ರ ಕಳೆದದ್ದನ್ನು ನಾನು ಕೇಳಿಲ್ಲ.

ಪ್ರಿಯದರ್ಶಿನಿ


ಆಲಮೇಲ
15 ಅಕ್ಟೋಬರ್ 1998

ಬಾಗೇವಾಡಿಯವರಿಗೆ,

ಹಿಂಗಾರಿ ಭಾಳ ಚಲೋ ಆಗೇತಿ. ಕೆರಿ ತುಂಬೇತಿ. ಬೊಡ್ಡಿ ಎಲ್ಲಾ ಮುಳಗ್ಯಾವ. ಕಡಾಯಿ ಈಗ ಎಲ್ಲಿ ಬೇಕಾದಲ್ಲಿ ಹೋಗತೈತಿ. ಬೀಸುಕಲ್ಲ ಕಟ್ಟಿದೆ, ನಿಂದರತೈತಿ. ತಟ್ಟೂ ಹಾಸೇನಿ.

ಗಾಣದ ಮನೀ ಹಳೇ ಬಾಗಿಲ ಕೊಯ್ಸಿ ಎರಡು ಹಲಿಗಿ ಮಾಡಿಸೇನಿ. ಎದರಾಬದರಾ. ಮುರದ ಹಿಡಿಕಿ ಜಾಗಾದಾಗ ಹೊಸಾ ಹಿಡಿಕಿ ಕುಂಡ್ರಸೇನಿ. ಕೈಗೆ ಹತ್ತದಂಗ ಅದಕ್ಕ ಅರಿವಿ ಸುತ್ತೇನಿ.

ಒಂದು ತ್ರಾಸ ಉಳದೈತಿ. ನಡುವ ಕುಂತ್ರ ಗಾಳ ಹಾಕಾಕ ಬರೂದಿಲ್ಲ. ಒಂದ ಬದೀಗೆ ಕುಂತ್ರ ಕಡಾಯಿ ವಾಲತೈತಿ. ಅದಕ್ಕ ಎದರಿನ ಹಲಿಗಿ ಮ್ಯಾಲ ಕಲ್ಲಿನ ಚೀಲ ಇಟ್ಟು ಹಿಡಿಕಿಗೆ ಬಿಗದೇನಿ. ಒಂದೊಂದ ಕಲ್ಲ ಹಾಕಿ, ತಗದು, ಮತ್ತ ಹಾಕಿ ನೋಡಿದೆ. ಕಡಾಯಿ ಸಮ ಆದ ಮ್ಯಾಲ ಚೀಲ ಎತ್ತಿ ನೋಡಿದ್ರ ಒಂದು ಹೆಣಮಗಳಷ್ಟು ವಜ್ಜಿ ಆಗಿತ್ತು. ಯಂಕಪ್ಪ, "ಚಲೋ ಜೋಡಿ ಸಿಕ್ತ ಬಿಡ್ರಿ, ಮಾತಾಡೂದಿಲ್ಲ, ಬೇಸರಿಲ್ಲ," ಅಂದ. ನಾನೂ ನಕ್ಕೆ. ಆಮ್ಯಾಲ ಭಾಳ ಹೊತ್ತು ಆ ಚೀಲದ ಮಾರಿ ನೋಡಿಕೋತ ಕುಂತೆ.

ನೌಕರಿ ವಿಷಯ ಕೇಳಿದ್ದಿ. ಕಲಿತಾಕಿ ಅದಿ. ನಿನಗ ತಿಳದಂಗ ಮಾಡು. ನಾ ಏನ ಹೇಳ್ಲಿ.

ದೀಪಾವಳಿಗೆ ಭಾಗ್ಯಜ್ಯೋತಿ, ಅಳಿಯ ನಿನ್ನ ಕಡೆ ಬರ್ತಾರಂತ. ಆಶೀರ್ವಾದ ಹೇಳು.

ಬಸವಂತರಾಯ


ಬಸವನ ಬಾಗೇವಾಡಿ
8 ನವೆಂಬರ್ 1998

ಆಲಮೇಲದವರಿಗೆ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಎರಡು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಸಿಟ್ಟಿತ್ತು. ಎರಡನೆಯದರಲ್ಲಿ ಸಿಟ್ಟಿಲ್ಲವೆಂದು ತೋರಿಸುವ ಹಟವಿತ್ತು. ಇದು ಮೂರನೆಯದು. ಇದನ್ನು ಬರೆಯಲು ನನಗೆ ಧೈರ್ಯ ಕೊಟ್ಟವಳು ರಮಜಾನಬಿ.

ಅವಳ ಮಗಳು ಬಿಬಿಜಾನಳನ್ನು ನಮ್ಮೂರಿಗೇ ಕೊಟ್ಟಿದ್ದಾರೆಂಬುದು ನನಗೆ ಗೊತ್ತಿರಲಿಲ್ಲ. ಹೋದ ರವಿವಾರ ಮಗಳ ಮನೆಗೆ ಬಂದವಳು ವಿಳಾಸ ಕೇಳಿಕೊಂಡು ನಮ್ಮ ಮನೆಗೂ ಬಂದಳು. ನೀವು ಕೊಟ್ಟುಕಳಿಸಿದ ಬೆಲ್ಲದ ಪೆಂಟೆ ಕೊಟ್ಟಳು. ನಮ್ಮ ಗಾಣದ ಕೊನೆಯ ಬೆಲ್ಲವಂತೆ. ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಚಹಾ ಕುಡಿಯುತ್ತ ಅವಳೇ ಮಾತು ತೆಗೆದಳು.

"ಅಕ್ಕೋರ, ನಿಮ್ಮ ಸಾವ್ಕಾರ್ರಿಗೆ ಒಂದ ಮಾತ ಹೇಳ್ರಿ. ಅವ್ರ ಮೀನ ನಂಬಿ ನಾ ಸಂತಿಗೆ ಹ್ವಾದ್ರ ಬುಟ್ಟಿ ಖಾಲಿ."

"ಯಾಕ, ಮೀನ ಸಿಗವಲ್ಲವೇನು?"

"ಸಿಗತಾವ್ರಿ. ಗಾಳ ಜಗ್ಗತಾವ, ಇವ್ರಿಗೆ ಖಬರ ಬೇಕಲ್ಲ. ಸಿಂದಗಿ ಬಸ್ ಒಡ್ಡಿನ ಮ್ಯಾಲ ಬಂತಂದ್ರ ಕೋಲ ಕೆಳಗಿಟ್ಟು ಅಕ್ಕಡಿ ನೋಡ್ತಾರ. ಇಳಿದವರ್ನ ಒಬ್ಬೊಬ್ಬರ್ನ ನೋಡ್ತಾರ. ಬಸ್ ಹೋಗೂದ್ರಾಗ ಹುಳಾನೂ ಇಲ್ಲ, ಮೀನಾನೂ ಇಲ್ಲ."

"ಅದನ್ನ ದಂಡೆ ಮೇಲಿಂದ ನೋಡಬಹುದಲ್ಲ?" ಎಂದೆ. ನನ್ನ ಧ್ವನಿ ಪಾಠ ಕೇಳುವ ಧ್ವನಿಯಂತಿತ್ತು.

"ದಂಡಿ ಮ್ಯಾಲ ಕುಂತ್ರ ಜಾಲಿಗಿಡ ಅಡ್ಡ ಬರತಾವ್ರಿ. ಬಸ್ ನಿಂತದ್ದು ಕಾಣೂದಿಲ್ಲ. ಕೆರೀ ನಡುವ ಹ್ವಾದ್ರ ಕಾಣತೈತಿ. ಇಲ್ಲಂದ್ರ ಮೀನ ತಿನ್ನದವ್ರಿಗೆ ನಾವಿ ಯಾಕ್ರಿ? ಊರಾಗ ಎಲ್ಲಾರಿಗೂ ಗೊತ್ತೈತಿ. ನಿಮಗ ಹೇಳಿಲ್ಲೇನ್ರಿ?"

ವೈನಿ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದರು. ಹೊರಗೆ ಬಂದು ರಮಜಾನಬಿಯ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು.

ಅಂದಿನಿಂದ ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದ್ದೇನೆ. ಫೈಬರಿನ ದೋಣಿ ಯಾಕೆ ಬಿಟ್ಟಿರಿ, ಹಲಗೆಗಳು ಯಾಕೆ ಎದುರುಬದುರು, ಹಿಡಿಕೆಗೆ ಬಟ್ಟೆ ಯಾಕೆ ಸುತ್ತಿದಿರಿ. ಎಲ್ಲವನ್ನೂ ಬರೆದಿದ್ದೀರಿ. ಬರೆಯದ್ದು ಒಂದೇ.

ನಾನೂ ನೇರವಾಗಿ ಕೇಳಿದವಳಲ್ಲ. ಇವತ್ತು ಕೇಳುತ್ತೇನೆ. ನಮ್ಮ ಮನೆಗಳಲ್ಲಿ ತವರಿಗೆ ಹೋದ ಹೆಣ್ಣುಮಗಳನ್ನು ಗಂಡನ ಮನೆಯವರು ಕರೆಯಲು ಬರುತ್ತಾರೆ. ಒಂದು ಕುಬಸದ ಖಣ, ಒಂದು ತೆಂಗಿನಕಾಯಿ. "ಕರಿಯಾಕ ಬಂದೇವ್ರಿ" ಎಂಬ ಒಂದು ಮಾತು. ಅವ್ವ ತೀರಿಕೊಂಡಾಗ ನೀವು ಬಂದಿರಿ, ಮಣ್ಣು ಮಾಡಿದಿರಿ, ಉಳಿದ ಕಾರ್ಯ ಮುಗಿಸಿದಿರಿ. ಹೊರಡುವಾಗ ನಾನು ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೆ. ನೀವು ಆ ಮಾತು ಆಡಲಿಲ್ಲ. ಟ್ರಂಕಿನಿಂದ ಸೀರೆ ತೆಗೆದು ಮತ್ತೆ ಕಪಾಟಿನಲ್ಲಿ ಇಟ್ಟೆ. ಭಾಗ್ಯಜ್ಯೋತಿಯ ಮದುವೆಯಲ್ಲಿ ಒಂದೇ ಜಮಖಾನೆಯ ಮೇಲೆ ಕೂತು ಅವಳನ್ನು ಧಾರೆ ಎರೆದೆವು. ಮರುದಿನ ನೀವು ಒಂದು ಬಸ್ಸಿಗೆ, ನಾನು ಒಂದು ಬಸ್ಸಿಗೆ. ಆಗಲೂ ಕಾದೆ.

ತರಗತಿಯಲ್ಲಿ ಹುಡುಗಿಯರಿಗೆ ನಾನು, ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ, ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ ಎಂದು ಹೇಳಿಕೊಡುತ್ತೇನೆ. ಮನೆಗೆ ಬಂದು ಯಾರಾದರೂ ಖಣ ತಂದರೋ ಎಂದು ಬಾಗಿಲು ನೋಡುತ್ತೇನೆ. ಈ ಇಬ್ಬರಲ್ಲಿ ನಾನು ಯಾರು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಬಸ್ಸನ್ನು ನೋಡಲು ಇಷ್ಟು ಕಷ್ಟಪಟ್ಟವರು ಅದೇ ಬಸ್ಸನ್ನು ಹತ್ತಿ ಯಾಕೆ ಬರಲಿಲ್ಲ? ಈ ತಿಂಗಳ ಕೊನೆಯೊಳಗೆ ನಾನು ಊರಿನ ಹೆಸರು ಬರೆದುಕೊಡಬೇಕು. ಅದಕ್ಕೆ ಮೊದಲು ನಿಮ್ಮ ಉತ್ತರ ಬೇಕು. ಕಡಾಯಿಯ ಸುದ್ದಿ ಈ ಸಲ ಬೇಡ.

ಪ್ರಿಯದರ್ಶಿನಿ


ಆಲಮೇಲ
17 ನವೆಂಬರ್ 1998

ಬಾಗೇವಾಡಿಯವರಿಗೆ,

ರಮಜಾನಬಿಗೆ ಬೆಲ್ಲಾ ಕೊಟ್ಟು ಕಳಿಸಿದ್ದೆ, ಬಾಯಿ ಕೊಟ್ಟು ಕಳಿಸಿದ್ದಿಲ್ಲ.

ಕೇಳೀದಿ, ಹೇಳ್ತೇನಿ. ತವರಮನಿಗೆ ಹ್ವಾದಾಕಿನ್ನ ಕರಿಯೂದು ನನಗ ಗೊತ್ತೈತಿ. ನಮ್ಮ ಅವ್ವನ್ನ ಕರಿಯಾಕ ಅಪ್ಪ ಚಕ್ಕಡಿ ಹೂಡಿಕೊಂಡು ಹೋಗತಿದ್ದ, ಸಣ್ಣಾಂವಿದ್ದಾಗ ನಾನೂ ಕುಂತು ಹೋಗೇನಿ. ಆದ್ರ ನೀ ತವರಿಗೆ ಹೋಗೀದಿ ಅಂತ ನಾ ತಿಳಕೊಂಡಿದ್ದಿಲ್ಲ. ಮೊದಲ ಹ್ವಾದಾಗ ಹಂಗ ತಿಳಿದಿದ್ದೆ. ಆಮ್ಯಾಲ ಬಾಗೇವಾಡಿ ಸಾಲಿಗೆ ವರ್ಗಾ ಮಾಡಿಸಿಕೊಂಡೆ ಅಂತ ನಿನ್ನ ಪತ್ರ ಬಂತು. ಅವತ್ತಿನಿಂದ ನೀ ನೌಕರಿಗೆ ಹ್ವಾದಾಕಿ ಆದಿ. ನೌಕರಿಗೆ ಹ್ವಾದವ್ರು ರಜಾ ಸಿಕ್ಕಾಗ ತಾವ ಬರ್ತಾರ. ನೌಕರಿಗೆ ಹ್ವಾದ ಹೆಣಮಗಳನ್ನ ಕರಿಯೂದು ನಮ್ಮ ಮನಿತನದಾಗ ಯಾರೂ ಮಾಡಿದ್ದಿಲ್ಲ. ಖಣ ಒಯ್ಯಬೇಕೋ, ಅರ್ಜಿ ಒಯ್ಯಬೇಕೋ ನನಗ ತಿಳೀಲಿಲ್ಲ. ನಗಬ್ಯಾಡ. ಖರೇನ ತಿಳೀಲಿಲ್ಲ.

ನಿಮ್ಮವ್ವ ತೀರಿದಾಗ ಟ್ರಂಕ್ ನೋಡಿದ್ದೆ. ಸಾಲಿಗೆ ಹೋಗಾಕ ಸೀರಿ ಮಡಚಿ ಇಟ್ಟಿ ಅನಕೊಂಡೆ. ಹೇಳಬೇಕು ಅಂತ ನಾಲಿಗಿ ತುದೀ ತನಕ ಬಂದಿತ್ತು. ಹೆಡಮಾಸ್ತರ್ರು ಮಾತಾಡಸಾಕ ಬಂದಿದ್ರು, ನಿನ್ನ ಜೋಡಿ ಇಂಗ್ಲಿಷನ್ಯಾಗ ಏನೇನೋ ಮಾತಾಡಿದ್ರು. ನೀ ಅಲ್ಲಿ ಬೇಕಾದಾಕಿ ಅನಸ್ತು. ಇಲ್ಲಿ ಗಾಣ, ಸಗಣಿ, ಬೆಲ್ಲಕ್ಕ ಬರೂ ನೊಣ. ಕರದ್ರ ಬರ್ತಿದ್ದಿ, ಅದು ನನಗ ಗೊತ್ತಿತ್ತು. ಕರದದ್ದಕ್ಕ ಬರೂದು ನನಗ ಬ್ಯಾಡಾಗಿತ್ತು. ನೀನಾಗಿ ಬಸ್ ಇಳೀಬೇಕು ಅನಕೊಂಡು ಕುಂತೆ. ಕುಂತು ಕುಂತು ದಂಡಿ ಸಾಲದಂಗಾತು, ಕೆರೀ ನಡುವ ಹೋದೆ.

ಕಡಾಯಿ ಸುದ್ದಿ ಬ್ಯಾಡ ಅಂದಿ. ಬರೆದಿಲ್ಲ. ಬೆಳಗಾವಿ ಕಡೆ ಹೋದ್ರ ದೊಡ್ಡ ಹುದ್ದೆ. ಅದಕ್ಕೂ ನಾ ಬ್ಯಾಡ ಅನ್ನೂದಿಲ್ಲ. ಅಲ್ಲೂ ಬಸ್ ಇರತಾವ.

ಬಸವಂತರಾಯ


ಬಸವನ ಬಾಗೇವಾಡಿ
26 ನವೆಂಬರ್ 1998

ಆಲಮೇಲದವರಿಗೆ,

ನೀವು ನಗಬೇಡ ಎಂದಿದ್ದಿರಿ. ನಕ್ಕೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ವೈನಿ ಬಂದು ಏನಾಯಿತೆಂದು ಕೇಳುವ ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ.

ನಾನು ತವರಿಗೆ ಬಂದವಳೆಂದು ಕಾದೆ, ನೀವು ನೌಕರಿಗೆ ಹೋದವಳೆಂದು ಕಾದಿರಿ. ಊರು ಒಂದೇ, ಮನೆಯೂ ಒಂದೇ. ಎರಡೂ ನಿಜವಾಗಿದ್ದವು, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ನಮ್ಮ ಹಿರಿಯರಲ್ಲಿ ಯಾವ ಹೆಣ್ಣುಮಗಳಾದರೂ ಮೊದಲೇ ನೌಕರಿಗೆ ಹೋಗಿದ್ದರೆ ಇದಕ್ಕೂ ಒಂದು ಪದ್ಧತಿ ಇರುತ್ತಿತ್ತು. ಯಾರೂ ಹೋಗಿರಲಿಲ್ಲ. ಇನ್ನು ನಾವೇ ಒಂದನ್ನು ಮಾಡಿಕೊಳ್ಳಬೇಕು.

ನಿನ್ನೆ ಕಚೇರಿಯಲ್ಲಿ ಆಲಮೇಲವೆಂದು ಬರೆದುಕೊಟ್ಟೆ. ಗುಮಾಸ್ತರು, "ಮೇಡಂ, ಬಡ್ತಿ ಬಿಟ್ಟು ಅಲ್ಯಾಕ್ರಿ? ಅಲ್ಲೇನೈತಿ?" ಎಂದರು. ಕೆರೆ ಇದೆ ಎಂದೆ. ಬಡ್ತಿ ಬಿಟ್ಟದ್ದಕ್ಕೆ ಮುಂದೆ ನನಗೆ ಬೇಸರವಾಗಬಹುದು. ಆಗುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬೇಸರವಾದ ದಿನ ಬಾಯಿಬಿಟ್ಟು ಹೇಳುತ್ತೇನೆ. ನೀವೂ ಹಾಗೇ ಮಾಡಬೇಕು. ಕಲ್ಲಿನ ಚೀಲವನ್ನು ನೋಡುತ್ತ ಕೂಡಬಾರದು.

ವರ್ಗದ ಆದೇಶ ಬರಲು ಇನ್ನೂ ತಿಂಗಳುಗಳು ಬೇಕು. ಅದಕ್ಕೆ ಕಾಯುವುದಿಲ್ಲ. ಮುಂದಿನ ವಾರ, ಡಿಸೆಂಬರ್ ಐದು, ಶನಿವಾರ. ಬೆಳಗಿನ ಶಾಲೆ ಮುಗಿಸಿ ಹೊರಟರೆ ಸಿಂದಗಿಯಲ್ಲಿ ಬಸ್ ಬದಲಿಸಿ ಹೊತ್ತು ಮುಳುಗುವ ಮೊದಲು ಒಡ್ಡಿನ ಮೇಲೆ ಇಳಿಯುತ್ತೇನೆ. ನಾನಾಗಿ ಬರುತ್ತಿದ್ದೇನೆ, ನಿಮ್ಮ ಹಟ ಗೆದ್ದಿತು. ಆದರೆ ನನ್ನದೂ ಒಂದು ಉಳಿದಿದೆ.

ನೀವು ಬಸ್ಸಿನ ಹತ್ತಿರ ಬಂದು ನಿಲ್ಲಬೇಡಿ. ದಿನದಂತೆ ಕೆರೆಯ ನಡುವೆಯೇ ಇರಿ. ನಾನು ಇಳಿದು, ಬಸ್ ಹೋದ ಮೇಲೆ ಜಾಲಿಗಿಡಗಳನ್ನು ದಾಟಿ ದಂಡೆಗೆ ಬಂದು ನಿಲ್ಲುತ್ತೇನೆ. ಅಲ್ಲಿಂದ ನನ್ನನ್ನು ಕರೆಯಿರಿ. ಖಣ ಬೇಡ, ಕಾಯಿ ಬೇಡ, ಅರ್ಜಿಯೂ ಬೇಡ. ಹೆಸರು ಹಿಡಿದು ಕರೆಯಿರಿ. ಇಪ್ಪತ್ತಮೂರು ವರ್ಷದಲ್ಲಿ "ಕೇಳ್ತೇನು" ಎಂದು ಕರೆದಿದ್ದೀರಿ, ಮಗಳ ಹೆಸರು ಹೇಳಿ ಅವಳ ಅವ್ವ ಎಂದು ಕರೆದಿದ್ದೀರಿ, ಈಗ ಬಾಗೇವಾಡಿಯವರು ಎಂದು ಬರೆಯುತ್ತೀರಿ. ನಾನೂ ನಿಮ್ಮನ್ನು ಆಲಮೇಲ ಮಾಡಿದ್ದೇನೆ. ನನ್ನ ಹೆಸರು ನಿಮ್ಮ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿಲ್ಲ.

ಎದುರು ಹಲಗೆಯ ಮೇಲಿನ ಚೀಲವನ್ನು ಮೊದಲೇ ಬಿಚ್ಚಿಡಿ. ಕಲ್ಲುಗಳಷ್ಟು ಅಲುಗಾಡದೆ ಕೂಡುತ್ತೇನೆಂದು ಮಾತು ಕೊಡಲಾರೆ. ಮೀನನ್ನೂ ಮುಟ್ಟುವುದಿಲ್ಲ.

ಪ್ರಿಯದರ್ಶಿನಿ


ಆಲಮೇಲ
1 ಡಿಸೆಂಬರ್ 1998

ಪ್ರಿಯದರ್ಶಿನಿ,

ಚೀಲ ಬಿಚ್ಚೇನಿ. ಕಲ್ಲೆಲ್ಲಾ ಒಡ್ಡಿಗೆ ಹಾಕೇನಿ. ಕಡಾಯಿ ವಾಲತೈತಿ, ನಾಕ ದಿನ ವಾಲಲಿ.

ನಿನ್ನೆ ಸಂಜಿಕ ಕೆರೀ ನಡುವ ಹೋಗಿ ಕೂಗಿ ನೋಡಿದೆ, ಹೆಸರ ಹಿಡದು. ಮೊದಲನೇ ಸಲ ಧ್ವನಿ ಕಡಾಯಿ ದಾಟಲಿಲ್ಲ. ಎರಡನೇ ಸಲ ದಂಡೀ ತನಕ ಮುಟ್ಟಿತು. ಅಲ್ಲಿ ಕುಂತು ಬಲಿ ಹೆಣಿಯಾಕತ್ತಿದ್ದ ಯಂಕಪ್ಪ "ಓ" ಅಂದ.

ಅವನ "ಓ" ನನಗೇನು ಮಾಡೂದೈತಿ. ನೀ ಬಂದು ಅನ್ನು.

ಬಸವಂತರಾಯ